ಒತ್ತಿ ಬಿಟ್ಟ ಬಟನ್

ಹಾವು ಕಂಡರೆ ನನಗೆ ಹೆದರಿಕೆಯಿಲ್ಲ. ವಿಮಾನ ಅಲುಗಾಡಿದರೆ ಪಕ್ಕದವರ ಕೈ ಹಿಡಿದುಕೊಳ್ಳುವವನೂ ಅಲ್ಲ. ನಾನು ಹೆದರುವುದು ಫಾರಂಗಳಿಗೆ. ಈ ದೇಶಕ್ಕೆ ಬಂದ ಮೇಲೆ ಕಲಿತ ಹೆದರಿಕೆ ಇದು. ವೀಸಾಕ್ಕೊಂದು ಫಾರಂ, ಅದರ ವಿಸ್ತರಣೆಗೊಂದು, ಗ್ರೀನ್ ಕಾರ್ಡಿಗೆ ಒಂದು ಕಂತೆ, ಕೊನೆಗೆ ಪೌರತ್ವಕ್ಕೆ ಇನ್ನೊಂದು. ಎಲ್ಲದರ ಬಾಲದಲ್ಲೂ ಅದೇ ಧಾಟಿಯ ಪ್ರಶ್ನೆಗಳಿರುತ್ತವೆ. ಕಾನೂನು ಮುರಿದಿದ್ದೀರಾ? ಸಿಕ್ಕಿಬೀಳದೆ ಹೋಗಿದ್ದರೂ ಸರಿ, ಎಂದಾದರೂ ಮುರಿದಿದ್ದೀರಾ?

ನಮ್ಮ ರಾಲಿಯ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಒಮ್ಮೆ ಕೇಳಿದ್ದರು: ಹತ್ತು ವರ್ಷದ ಹಿಂದೆ ಕಾರಿನ ಹಿಂದಿನ ದೀಪ ಕೆಟ್ಟು ಪೊಲೀಸರು ಟಿಕೆಟ್ ಕೊಟ್ಟಿದ್ದರು, ಅದನ್ನೂ ಬರೆಯಬೇಕಾ? ಸಂಜೆಯ ತನಕ ಉತ್ತರಗಳ ಮಳೆ. ಬರೀರಿ ಅಂತ ಅರ್ಧ ಜನ, ಲಾಯರ್ ಕೇಳಿ ಅಂತ ಇನ್ನರ್ಧ ಜನ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಮ್ಮದು. ಕುಂಬಳಕಾಯಿ ಕದ್ದಿರುವುದಿಲ್ಲ, ಆದರೂ ಹೆಗಲು ತಡವಿಕೊಳ್ಳುತ್ತೇವೆ. ನಾನಂತೂ ಆ ಗುಂಪಿನಲ್ಲಿ ಎಲ್ಲರಿಗಿಂತ ಮೊದಲು ತಡವಿಕೊಳ್ಳುವವನು.

ಇಂಥವನಿಗೆ ರೇಡಿಯೋ ಹುಚ್ಚು ಹಿಡಿದದ್ದು ಲಾಕ್‌ಡೌನ್ ವರ್ಷದಲ್ಲಿ. ಆಗ ನಾವು ವರ್ಜೀನಿಯಾದ ಸೆಂಟರ್‌ವಿಲ್‌ನಲ್ಲಿದ್ದೆವು. ಮನೆಯಲ್ಲೇ ಆಫೀಸು, ಮನೆಯಲ್ಲೇ ಜಗಳ. ಹವ್ಯಾಸಿ ರೇಡಿಯೋ ಲೈಸೆನ್ಸಿಗೆ ಓದಿದೆ. ಪರೀಕ್ಷೆಯನ್ನು ಪಾರ್ಕಿಂಗ್ ಲಾಟಿನಲ್ಲಿ ನಡೆಸಿದರು, ಒಬ್ಬೊಬ್ಬರೂ ಅವರವರ ಕಾರಿನಲ್ಲಿ ಮಾಸ್ಕ್ ಹಾಕಿ ಕೂತು ಬರೆದೆವು. ಮೂವತ್ತೈದಕ್ಕೆ ಮೂವತ್ತೈದು ಬಂತು. ಅದರಲ್ಲೊಂದು ಪ್ರಶ್ನೆ ನನಗೆ ಈಗಲೂ ಬಾಯಿಪಾಠ: ನಿಮಗೆ ಅನುಮತಿ ಇಲ್ಲದ ಫ್ರೀಕ್ವೆನ್ಸಿಯಲ್ಲಿ ನೀವು ಯಾವಾಗ ಮಾತಾಡಬಹುದು? ಜೀವಕ್ಕೆ ಅಪಾಯವಿದ್ದು ಬೇರೆ ದಾರಿಯೇ ಇಲ್ಲದಾಗ. ಸರಿಯುತ್ತರಕ್ಕೆ ಗುರುತು ಹಾಕಿ, ಕಾಗದವನ್ನು ಕಿಟಕಿಯಿಂದ ಕೊಟ್ಟು ಬಂದಿದ್ದೆ.

ಲೈಸೆನ್ಸ್ ಜೊತೆಗೆ ಒಂದು ಕಾಲ್‌ಸೈನ್ ಕೊಡುತ್ತಾರೆ. ನಾಲ್ಕೈದು ಅಕ್ಷರ, ಒಂದು ಅಂಕಿ. ರೇಡಿಯೋದಲ್ಲಿ ಬಾಯಿ ತೆರೆದರೆ ಮೊದಲು ಅದನ್ನೇ ಹೇಳಬೇಕು. ಯಾರು ಬೇಕಾದರೂ ಅದನ್ನು ಇಂಟರ್‌ನೆಟ್ಟಿನಲ್ಲಿ ಹಾಕಿ ನಮ್ಮ ಹೆಸರು, ಮನೆಯ ವಿಳಾಸ ನೋಡಬಹುದು. ಆ ದಿನಗಳಲ್ಲಿ ನನಗೆ ಅದು ಹೆಮ್ಮೆಯ ವಿಷಯವಾಗಿತ್ತು. ಸ್ನಾನದ ಮನೆಯಲ್ಲೂ ಹೇಳಿಕೊಳ್ಳುತ್ತಿದ್ದೆ.

ಅಂಕಲ್ ಸಿಕ್ಕಿದ್ದು ಆಗಲೇ. ಅಟ್ಲಾಂಟಾ ಪಕ್ಕದ ಸುವಾನಿಯಲ್ಲಿ ಮಗಳ ಮನೆಯಲ್ಲಿರುವ ಹಿರಿಯರು, ಬೆಂಗಳೂರಿನಲ್ಲಿ ಜೀವಮಾನವೆಲ್ಲ ರೇಡಿಯೋ ರಿಪೇರಿ ಮಾಡಿ ನಿವೃತ್ತರಾದವರು. ಭಾನುವಾರದ ಜೂಮ್ ಮಾತುಕತೆಯಲ್ಲಿ ನನ್ನ ಅಂಗೈಯಗಲದ ಹೊಸ ರೇಡಿಯೋ ನೋಡಿ ಕೇಳಿದರು: "ಹ್ಯಾಂಡಿ ಚೆನ್ನಾಗಿದೆಯಲ್ಲಯ್ಯ. ಓಪನ್ ಮಾಡಿದ್ಯೋ ಇಲ್ವೋ?"

ಓಪನ್ ಮಾಡುವುದು ಅಂದರೆ ಹೀಗೆ. ಇಂಥ ರೇಡಿಯೋಗಳು ಫ್ರೀಕ್ವೆನ್ಸಿಗಳ ಅಗಲವಾದ ಪಟ್ಟಿಯಲ್ಲಿ ಕೇಳಿಸಿಕೊಳ್ಳುತ್ತವೆ. ಪೊಲೀಸರು, ಟ್ಯಾಕ್ಸಿ, ಮಕ್ಕಳ ವಾಕಿ-ಟಾಕಿ, ಎಲ್ಲ ಕೇಳಿಸುತ್ತದೆ. ಮಾತಾಡುವುದಕ್ಕೆ ಮಾತ್ರ ಬೇಲಿ. ನಮ್ಮಂಥ ಹವ್ಯಾಸಿಗಳಿಗೆ ಬಿಟ್ಟುಕೊಟ್ಟ ಪಟ್ಟಿಯ ಆಚೆ ಬಟನ್ ಒತ್ತಿದರೆ ಪರದೆಯ ಮೇಲೆ ತಪ್ಪು ಅಂತ ಬರುತ್ತದೆ, ಅಷ್ಟೇ. ಆ ಬೇಲಿ ಅನ್ನುವುದು ಒಳಗಿನ ಬೋರ್ಡಿಗೆ ಬೆಸೆದಿರುವ ಒಂದು ಪುಟ್ಟ ಭಾಗ, ಒಂದು ರೆಸಿಸ್ಟರ್. ಅದನ್ನು ಕಿತ್ತರೆ ರೇಡಿಯೋ ಎಲ್ಲಿ ಕೇಳುತ್ತದೋ ಅಲ್ಲೆಲ್ಲ ಮಾತಾಡುತ್ತದೆ. ಕೀಳುವುದು ತಪ್ಪಲ್ಲ, ಕಿತ್ತ ಮೇಲೆ ಆಚೆ ಮಾತಾಡುವುದು ತಪ್ಪು.

"ಮತ್ತೆ ಯಾಕೆ ಅಂಕಲ್ ಕೀಳೋದು?" ಅಂದೆ.

"ಬಾಗ್ಲು ಇರ್ಲಿ ಅಂತ ಕಣಯ್ಯ. ಬಾಗ್ಲಿದೆ ಅಂತ ಪಕ್ಕದ ಮನೆಗೆ ನುಗ್ಗಬಾರ್ದು. ಪಕ್ಕದ ಮನೆಗೆ ಬೆಂಕಿ ಬಿದ್ರೆ ನುಗ್ಗಬೇಕು. ಅಷ್ಟೇ ರೂಲು."

ಒಂದು ಶನಿವಾರ ಮಧ್ಯಾಹ್ನ ಊಟದ ಟೇಬಲ್ಲಿನ ಮೇಲೆ ಬಿಳಿ ಟವೆಲ್ ಹಾಸಿ ಕೂತೆ. ಅಂಕಲ್ ವಿಡಿಯೋ ಕಾಲಿನಲ್ಲಿ. "ಬ್ಯಾಟರಿ ತೆಗೆದ್ಯಾ? ನಾಲ್ಕೂ ಸ್ಕ್ರೂ ಬಿಚ್ಚು. ಮೇಲ್ಗಡೆ ನಾಬ್ ಎಳಿ. ಎಳಿಯಪ್ಪ, ಮುರಿಯಲ್ಲ. ಆಂಟೆನಾ ಸುತ್ತ ರಿಂಗ್ ಇದ್ಯಲ್ಲ, ಅದನ್ನ ತಿರುಗಿಸು." ಬೋರ್ಡು ಕೈಗೆ ಬಂತು. ಭೂತಗನ್ನಡಿಯ ಕೆಳಗೆ ಸಾಲಾಗಿ ರೆಸಿಸ್ಟರ್‌ಗಳು, ಒಂದೊಂದೂ ರಾಗಿ ಕಾಳಿಗಿಂತ ಸಣ್ಣವು. "ಎಡದಿಂದ ಮೂರನೇದು. ನಿಂಗೆ ಎಡಗೈ ಯಾವ್ದು ಗೊತ್ತಿದೆ ತಾನೆ?" ಸೋಲ್ಡರಿಂಗ್ ಐರನ್ನಿನ ತುದಿ ತಾಗಿಸಿದೆ. ಉಸಿರು ಬಿಡಲಿಲ್ಲ. ರೆಸಿಸ್ಟರ್ ತುದಿಗೆ ಅಂಟಿಕೊಂಡು ಬಂತು, ಕೈ ಝಾಡಿಸಿದಾಗ ಕಾರ್ಪೆಟ್ಟಿನಲ್ಲೆಲ್ಲೋ ಹೋಯಿತು. ಖುಷಿಯಲ್ಲಿ ಐರನ್ನನ್ನು ಸ್ಟ್ಯಾಂಡಿನ ಬದಲು ಟೇಬಲ್ಲಿನ ಮೇಲೇ ಇಟ್ಟುಬಿಟ್ಟೆ. ವಾಸನೆಗೆ ನನ್ನ ಹೆಂಡತಿ ಓಡಿಬಂದಳು.

"ಟೇಬಲ್ ತಂದು ಆರು ತಿಂಗ್ಳಾಗಿಲ್ಲ ರೀ!"

"ನೋಡು, ರೇಡಿಯೋ ಓಪನ್ ಆಯ್ತು."

"ಓಪನ್ ಮಾಡಿ ಯಾರ ಹತ್ರ ಮಾತಾಡ್ತೀರಾ?"

"ಯಾರ ಹತ್ರಾನೂ ಇಲ್ಲ. ಮಾತಾಡೋ ಹಾಗಿಲ್ಲ."

ಅವಳು ಟೇಬಲ್ಲನ್ನು ನೋಡಿದಳು, ನನ್ನನ್ನು ನೋಡಿದಳು. "ಎಂಥಾ ಗಂಡ ಸಿಕ್ದಪ್ಪ" ಎಂದು ಒಳಗೆ ಹೋದಳು. ನಾನು ಆಂಟೆನಾ ತೆಗೆದು, ಅದರ ಜಾಗದಲ್ಲಿ ಶಕ್ತಿಯನ್ನೆಲ್ಲ ನುಂಗಿ ಗಾಳಿಗೆ ಏನೂ ಬಿಡದ ಡಮ್ಮಿ ಲೋಡ್ ಹಾಕಿ ಪರೀಕ್ಷೆ ಮಾಡಿದೆ. ಬೇಲಿಯ ಆಚೆ ಬಟನ್ ಒತ್ತಿದೆ. ಕೆಂಪು ದೀಪ ಹತ್ತಿತು. ಅಂಕಲ್ ಸುವಾನಿಯಿಂದಲೇ ಚಪ್ಪಾಳೆ ತಟ್ಟಿದರು.

ಮರುವರ್ಷ ಕೆಲಸ ಬದಲಾಗಿ ನಾರ್ತ್ ಕ್ಯಾರೋಲೈನಾದ ರಾಲಿಗೆ ಬಂದೆವು. ರೇಡಿಯೋ ಕಾರಿನಲ್ಲಿರುತ್ತಿತ್ತು. ಬೇಲಿಯ ಆಚೆ ನಾನು ಒಂದು ಸಲವೂ ಒತ್ತಲಿಲ್ಲ. ಬಾಗಿಲು ಇದೆ ಅನ್ನುವುದೇ ಸಾಕಾಗಿತ್ತು.

ಇಪ್ಪತ್ತನಾಲ್ಕರ ಸೆಪ್ಟೆಂಬರ್ ಕೊನೆಯಲ್ಲಿ ನಾವಿಬ್ಬರೂ ರಾಜ್ಯದ ಪಶ್ಚಿಮದ ಬೆಟ್ಟಗಳಿಗೆ ಹೋದೆವು. ಪೌರತ್ವದ ಅರ್ಜಿ ಹಾಕಿಯಾಗಿತ್ತು, ನವೆಂಬರ್‌ನಲ್ಲಿ ಇಂಟರ್‌ವ್ಯೂ. ಅಷ್ಟರೊಳಗೆ ಒಂದು ನಾಲ್ಕು ದಿನ ತಲೆ ತಣ್ಣಗಾಗಲಿ ಅಂತ ಬೆಟ್ಟದ ನೆತ್ತಿಯ ಏಣಿನ ಮೇಲಿನ ಒಂದು ಕ್ಯಾಬಿನ್ ಬಾಡಿಗೆಗೆ ಹಿಡಿದಿದ್ದೆವು. ಚಂಡಮಾರುತ ಬರುತ್ತೆ, ತುಂಬಾ ಮಳೆಯಂತೆ ಎಂದು ಹೆಂಡತಿ ಹೇಳಿದಳು. ಸಮುದ್ರ ಎಲ್ಲಿ, ಈ ಬೆಟ್ಟ ಎಲ್ಲಿ, ಮಳೆ ನೋಡದವರಾ ನಾವು ಎಂದು ನಕ್ಕೆ. ನನ್ನ ಜಂಬಕ್ಕೆ ಅವತ್ತು ಯಾರಾದರೂ ಕಪಾಳಕ್ಕೆ ಬಾರಿಸಬೇಕಿತ್ತು.

ಶುಕ್ರವಾರ ಬೆಳಗಿನ ಹೊತ್ತಿಗೆ ಮರಗಳು ಬೀಳುವ ಸದ್ದು. ಎಂಟು ಗಂಟೆಗೆ ಕರೆಂಟಿಲ್ಲ, ಫೋನಿಲ್ಲ, ನಲ್ಲಿಯಲ್ಲಿ ನೀರಿಲ್ಲ. ಕಾರು ನಿಲ್ಲಿಸಿದ ಜಾಗದಿಂದ ಮುಂದಕ್ಕೆ ದಾರಿಯೇ ಇರಲಿಲ್ಲ, ಕೆಂಪು ಮಣ್ಣಿನ ಜಾರು ಮಾತ್ರ. ಕಣಿವೆಯಿಂದ ನೀರಿನ ಮೊರೆತ ಕೇಳುತ್ತಿತ್ತು, ಮಂಜಿನಲ್ಲಿ ಏನೂ ಕಾಣುತ್ತಿರಲಿಲ್ಲ. ನಾವು ಎತ್ತರದಲ್ಲಿದ್ದದ್ದರಿಂದ ನಮಗೇನೂ ಆಗಲಿಲ್ಲ. ಕ್ಯಾಬಿನ್ನಿನಲ್ಲಿ ಸಿಲಿಂಡರಿನ ಗ್ಯಾಸ್ ಸ್ಟವ್ ಇತ್ತು. ಅಕ್ಕಿ, ಸಾರಿನಪುಡಿ, ಉಪ್ಪಿನಕಾಯಿ, ಕ್ಯಾನುಗಳಲ್ಲಿ ನೀರು ತಂದಿದ್ದೆವು. ಆ ದಿನ ನಾವು ಬಿಸಿ ಬಿಸಿ ಅನ್ನ ಸಾರು ಉಂಡೆವು. ಇದನ್ನು ಬರೆಯದೆ ಬಿಡಲಾರೆ.

ರೇಡಿಯೋ ಮಾತ್ರ ಬದುಕಿತ್ತು. ದೂರದ ಶಿಖರವೊಂದರ ಮೇಲೆ ರಿಪೀಟರ್ ಇದೆ. ನಮ್ಮ ಪುಟ್ಟ ರೇಡಿಯೋಗಳ ಮಾತನ್ನು ಹಿಡಿದು ದೊಡ್ಡದು ಮಾಡಿ ಸುತ್ತಲೂ ಹರಡುವ ಯಂತ್ರ ಅದು. ಹೇಗೋ ನಿಂತಿರಲಿಲ್ಲ. ಅದರಲ್ಲಿ ಒಬ್ಬಾಕೆ ಕೂತು, ಯಾರಿಗೆ ಏನು ಬೇಕು ಎಂದು ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡು, ರಕ್ಷಣೆಯವರಿಗೆ ದಾಟಿಸುತ್ತಿದ್ದರು. ಅಷ್ಟು ಸಾವಧಾನದ ಗಂಟಲನ್ನು ನಾನು ಬೇರೆಲ್ಲೂ ಕೇಳಿಲ್ಲ. ನೂರಾರು ಜನ ಅದನ್ನೇ ಕೇಳಿಕೊಂಡು ಕೂತಿದ್ದರು.

ಹತ್ತು ಗಂಟೆಯ ಸುಮಾರಿಗೆ ಬೇರೆ ಫ್ರೀಕ್ವೆನ್ಸಿಗಳನ್ನೂ ತಿರುಗಿಸುತ್ತಾ ಹೋದೆ. ಮಕ್ಕಳ ವಾಕಿ-ಟಾಕಿಯ ಮೊದಲನೇ ಚಾನೆಲ್ಲಿನಲ್ಲಿ ಒಬ್ಬ ಮುದುಕರು ಸಿಕ್ಕರು. ಅವರದು ಬೆಟ್ಟದವರ ಇಂಗ್ಲಿಷ್, ಒಂದೊಂದು ಮಾತನ್ನೂ ಎಳೆದು ಹೇಳುವಂಥದ್ದು. ನನ್ನ ಕಿವಿಯಲ್ಲಿ ಅದು ಎಷ್ಟು ಸಲ ತಿರುಗಿದೆಯೆಂದರೆ ಈಗ ಅದು ಕನ್ನಡದಲ್ಲೇ ಬರುತ್ತದೆ.

"ಯಾರಾದ್ರೂ ಇದ್ದೀರಾ? ನನ್ನ ಹೆಂಡತಿ ಆಕ್ಸಿಜನ್ ಮೇಲಿದಾಳೆ. ಕರೆಂಟ್ ಹೋಗಿ ಮೆಷಿನ್ ನಿಂತಿದೆ. ಒಂದೇ ಒಂದು ಸಿಲಿಂಡರ್ ಇದೆ, ಕಮ್ಮಿ ಬಿಟ್ರೆ ರಾತ್ರಿ ತನಕ ಬರತ್ತೆ. ಚರ್ಚ್ ಹತ್ರದ ಸೇತುವೆ ಹೋಗಿದೆ. ಯಾರಾದ್ರೂ ಇದ್ದೀರಾ?"

ಹತ್ತು ನಿಮಿಷ ಬಿಟ್ಟು ಮತ್ತೆ ಅದೇ. ಊರು ಹೇಳಲಿಲ್ಲ, ರಸ್ತೆ ಹೇಳಲಿಲ್ಲ. ಕೇಳುವವರು ಅಕ್ಕಪಕ್ಕದವರೇ ಆಗಿರುತ್ತಾರೆ, ಅವರಿಗೆ ಗೊತ್ತಿರುತ್ತೆ ಅಂದುಕೊಂಡಿದ್ದರೋ ಏನೋ. ಆಟಿಕೆ ರೇಡಿಯೋ ಅಲ್ಲವೇ, ಎರಡು ಬೀದಿ ದಾಟುವುದಿಲ್ಲ. ನಾನು ಎತ್ತರದ ಏಣಿನ ಮೇಲಿದ್ದೆ, ಹಾಗಾಗಿ ಕೇಳಿಸುತ್ತಿತ್ತು. ಅವರಿಗೆ ಉತ್ತರ ಕೊಡುವವರು ಬೇರೆ ಯಾರೂ ಇದ್ದಂತಿರಲಿಲ್ಲ.

ನನ್ನ ಹೆಂಡತಿ ಪಕ್ಕದಲ್ಲಿ ನಿಂತು ಮೂರು ಸಲ ಕೇಳಿಸಿಕೊಂಡಳು. "ಎಲ್ಲಿದ್ದಾರೆ ಅಂತ ಕೇಳ್ರೀ."

"ಅದ್ರಲ್ಲಿ ನಾವು ಮಾತಾಡೋ ಹಾಗಿಲ್ಲ."

"ಮಾತಾಡಕ್ಕೆ ಆಗತ್ತಲ್ಲ? ಅದಕ್ಕೇ ತಾನೆ ಅವತ್ತು ಟೇಬಲ್ ಸುಟ್ಟಿದ್ದು?"

"ಆಗತ್ತೆ." ರೇಡಿಯೋ ಕೆಳಗಿಟ್ಟೆ. ಆಮೇಲೆ ಹೇಳಿದೆ: "ನವೆಂಬರ್‌ನಲ್ಲಿ ಇಂಟರ್‌ವ್ಯೂ ಇದೆ ಕಣೆ."

ಅವಳನ್ನು ದೂರುವುದಿಲ್ಲ. ಡಿಪೆಂಡೆಂಟ್ ವೀಸಾದಲ್ಲಿ ವರ್ಷಗಟ್ಟಲೆ ಕೆಲಸ ಮಾಡುವಂತಿಲ್ಲದೆ ಮನೆಯಲ್ಲಿ ಕೂತವಳು ಅವಳು. ಅಪ್ಪ ತೀರಿಕೊಂಡಾಗ ವೀಸಾ ಸ್ಟ್ಯಾಂಪಿನ ಗೊಂದಲದಲ್ಲಿ ಹೋಗಲಾಗದೆ ಫೋನಿನಲ್ಲಿ ಅತ್ತವಳು. ಇಂಟರ್‌ವ್ಯೂ ಅಂದ ತಕ್ಷಣ ಅವಳ ಬಾಯಿ ಕಟ್ಟಿತು. ನನಗೆ ಅದು ಗೊತ್ತಿತ್ತು, ಗೊತ್ತಿದ್ದೇ ಆ ಮಾತು ತೆಗೆದೆ. ಅವಳು ಒಳಗೆ ಹೋಗಿ ಅಕ್ಕಿ ತೊಳೆದಳು.

ಜೀವಕ್ಕೆ ಅಪಾಯ ಇದ್ದರೆ ಮಾತಾಡಬಹುದು ಎಂಬ ನಿಯಮ ನೆನಪಿರಲಿಲ್ಲವೆಂದು ಸುಳ್ಳು ಹೇಳಲಾರೆ. ಚೆನ್ನಾಗಿ ನೆನಪಿತ್ತು. ಆದರೆ ತಲೆಯೊಳಗೆ ಒಬ್ಬ ಲಾಯರ್ ಕೂತುಬಿಟ್ಟಿದ್ದ. ಅಪಾಯ ಎಂದು ತೀರ್ಮಾನ ಮಾಡಿದ್ದು ಯಾರು? ನೀನೇ. ಸಾಕ್ಷಿ ಏನು? ಇಲ್ಲ. ರೇಡಿಯೋ ಬಿಚ್ಚಿದ್ದು ಯಾವಾಗ? ನಾಲ್ಕು ವರ್ಷದ ಹಿಂದೆ. ಹಾಗಾದರೆ ಮೊದಲೇ ಯೋಚನೆ ಇತ್ತು ಅಂತಾಯಿತಲ್ಲ? ಹೀಗೆ ಅವನು ಕೇಳುತ್ತಲೇ ಹೋದ, ನಾನು ಉತ್ತರ ಕೊಡುತ್ತಲೇ ಹೋದೆ.

ಊಟವಾದ ಮೇಲೆ ಒಂದು ಜಾಣತನ ಮಾಡಿದೆ. ರಿಪೀಟರ್‌ಗೆ ಹೋಗಿ, ನನಗೆ ಅನುಮತಿ ಇರುವ ಜಾಗದಲ್ಲೇ, ನನ್ನ ಕಾಲ್‌ಸೈನ್ ಹೇಳಿ, ಹೀಗೊಬ್ಬರು ಮಕ್ಕಳ ಚಾನೆಲ್ಲಿನಲ್ಲಿ ಕರೆಯುತ್ತಿದ್ದಾರೆ, ಚರ್ಚಿನ ಹತ್ತಿರದ ಸೇತುವೆ ಎನ್ನುತ್ತಾರೆ ಎಂದು ವರದಿ ಮಾಡಿದೆ. ಕೆಲಸ ಮುಗಿಯಿತು ಅನ್ನಿಸಿತು.

ಆಕೆ ಕೇಳಿದರು: "ಯಾವ ಚರ್ಚು? ಈ ಕಡೆ ಹೊಳೆಗೊಂದು ಚರ್ಚಿದೆ. ನೀವು ಅವರನ್ನ ಕೇಳಿ ಹೇಳ್ತೀರಾ? ನಿಮ್ಮ ರೇಡಿಯೋ ಅಲ್ಲಿ ಮಾತಾಡತ್ತಾ?"

ನೂರಾರು ಜನ ಕೇಳುತ್ತಿದ್ದರು. ನನ್ನ ಕಾಲ್‌ಸೈನ್ ಈಗತಾನೆ ಹೇಳಿದ್ದೆ.

"ಇಲ್ಲ" ಎಂದೆ. "ಬರೀ ಕೇಳಿಸತ್ತೆ."

"ಸರಿ. ಬರೆದುಕೊಂಡಿದೀನಿ. ಗೊತ್ತಾದ್ರೆ ಹೇಳಿ" ಎಂದು ಆಕೆ ಮುಂದಿನವರ ಕಡೆ ಹೋದರು.

ಆ ರೆಸಿಸ್ಟರ್ ಅದರ ಜಾಗದಲ್ಲೇ ಇದ್ದಿದ್ದರೆ ನಾನು ಹೇಳಿದ್ದು ನಿಜವಾಗಿರುತ್ತಿತ್ತು. ನಾನು ಕೈಲಾಗದ ಪಾಪದ ಮನುಷ್ಯನಾಗಿರುತ್ತಿದ್ದೆ, ಇವತ್ತು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ. ಕೈಲಾಗುವ ಹಾಗೆ ಮಾಡಿಕೊಂಡವನು ನಾನೇ.

ಎರಡೂವರೆಯ ಹೊತ್ತಿಗೆ ಆ ದನಿ ಸೋತಿತ್ತು. "ಯಾರಾದ್ರೂ" ಅಂದು ಅಲ್ಲಿಗೇ ನಿಲ್ಲಿಸುತ್ತಿದ್ದರು. ನಾನು ರೇಡಿಯೋ ಹಿಡಿದು ವರಾಂಡಕ್ಕೆ ಹೋದೆ. ತಲೆಯೊಳಗಿನ ಲಾಯರ್‌ಗೆ ಹಾಳಾಗಿ ಹೋಗು ಎಂದೆ. ಬಟನ್ ಒತ್ತಿದೆ. ಕೆಂಪು ದೀಪ ಹತ್ತಿತು. ಬಾಯಿ ತೆರೆದೆ. ನಾಲ್ಕು ವರ್ಷದ ಅಭ್ಯಾಸ, ಬಾಯಿ ತೆರೆದರೆ ಮೊದಲು ಬರುವುದು ಕಾಲ್‌ಸೈನ್. ಅದರ ಮೊದಲ ಅಕ್ಷರ ನಾಲಿಗೆಗೆ ಬಂತು, ಅಲ್ಲೇ ನಿಂತಿತು. ಅದನ್ನು ಹೇಳಿದರೆ ಮನೆಯ ವಿಳಾಸ ಕೊಟ್ಟಂತೆ. ಹೇಳದೆ ಮಾತಾಡಿದರೆ ಇನ್ನೊಂದು ತಪ್ಪು. ಒಂದು ಹೆಸರಿಲ್ಲದ "ಹಲೋ" ಸಾಕಿತ್ತು. ಅಷ್ಟು ಸರಳವಾದದ್ದು ಆ ಹೊತ್ತಿನಲ್ಲಿ ನನಗೆ ಹೊಳೆಯಲಿಲ್ಲ. ಎರಡು ಸೆಕೆಂಡು ಆಗಿರಬಹುದು. ಮಾತಾಡದೆ ಒತ್ತಿದರೂ ಆ ಕಡೆಯ ರೇಡಿಯೋದಲ್ಲಿ ಒಂದು ಸಣ್ಣ ಸದ್ದು ಬರುತ್ತದೆ. ಬೆರಳು ಬಿಟ್ಟೆ.

ತಕ್ಷಣ ಅವರ ದನಿ ಎದ್ದು ನಿಂತಿತು. "ಕೇಳಿಸ್ತು! ನೀನು ಒತ್ತಿದ್ದು ಕೇಳಿಸ್ತು! ಮಾತಾಡು. ಮಾತಾಡಕ್ಕೆ ಆಗದಿದ್ರೆ ಇನ್ನೊಂದ್ಸಲ ಒತ್ತು."

ನಾನು ಒತ್ತಲಿಲ್ಲ.

"ಪರವಾಗಿಲ್ಲ" ಎಂದರು ಸ್ವಲ್ಪ ಹೊತ್ತಿನ ಮೇಲೆ. "ನೀನು ಅಲ್ಲಿದೀಯ ಅಂತ ಗೊತ್ತಾಯ್ತು. ನಾವು ಎಲ್ಲಿಗೂ ಹೋಗಲ್ಲ. ಇಲ್ಲೇ ಇರ್ತೀವಿ."

ಆಮೇಲೆ ಹೆಂಡತಿಯ ಕಡೆ ತಿರುಗಿ ಹೇಳಿರಬೇಕು, ಬಟನ್ ಬಿಡದೆಯೇ. "ಯಾರೋ ಇದಾರೆ ಕಣೆ" ಎಂದದ್ದು ದೂರದಿಂದ ಕೇಳಿಸಿತು. ಆ ಸಂತೋಷವನ್ನು ನಾನು ಕೇಳಬಾರದಿತ್ತು. ನಾನು ವಾಲ್ಯೂಮ್ ತಗ್ಗಿಸಿದೆ. ಸಂಜೆಯ ತನಕ ಆಗಾಗ ಏರಿಸಿ ನೋಡುತ್ತಿದ್ದೆ. ದನಿ ಸಣ್ಣಗಾಗುತ್ತಾ ಬಂತು, ಬ್ಯಾಟರಿ ಇಳಿಯುತ್ತಿತ್ತೋ ಏನೋ. ಶನಿವಾರ ಬೆಳಿಗ್ಗೆ ಆ ಚಾನೆಲ್ಲಿನಲ್ಲಿ ಏನೂ ಇರಲಿಲ್ಲ. ಭಾನುವಾರ ಪಕ್ಕದ ಏಣಿನವರು ಗರಗಸ ತಂದು ಮರ ಕಡಿದು ನಮ್ಮನ್ನು ನಡೆಸಿಕೊಂಡು ಕೆಳಗಿಳಿಸಿದರು. ಕಾರು ಅಲ್ಲೇ ಉಳಿಯಿತು.

ನವೆಂಬರ್‌ನಲ್ಲಿ ಇಂಟರ್‌ವ್ಯೂ ಆಯಿತು. ಅಧಿಕಾರಿ ಒಳ್ಳೆಯ ಮನುಷ್ಯ. ಯಾವುದಾದರೂ ಅಪರಾಧ ಮಾಡಿದ್ದೀರಾ, ಸಿಕ್ಕಿಬೀಳದೆ ಇದ್ದರೂ, ಎಂದು ಫಾರಂ ನೋಡಿ ಓದಿದರು. ಇಲ್ಲ ಎಂದೆ. ನಿಜವನ್ನೇ ಹೇಳಿದೆ. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಪ್ರಮಾಣವಚನದ ದಿನ ಹೆಂಡತಿ ರೇಷ್ಮೆ ಸೀರೆ ಉಟ್ಟಿದ್ದಳು. ಫೋಟೋದಲ್ಲಿ ಇಬ್ಬರೂ ನಗುತ್ತಿದ್ದೇವೆ.

ದನಿ ಮಾತ್ರ ಬಿಡಲಿಲ್ಲ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅನ್ನುವ ಹಾಗೆ. ಆಫೀಸಿನ ಕಾಲ್‌ನಲ್ಲಿ ಯಾರೋ ಮ್ಯೂಟ್ ತೆಗೆದು ಒಂದು ಕ್ಷಣ ಮಾತಾಡದೆ ಇದ್ದರೆ ನಾನು ಹೆಡ್‌ಫೋನ್ ಕಿತ್ತಿಡುತ್ತಿದ್ದೆ. ಆ ಮೌನದ ಅಳತೆ ನನಗೆ ಗೊತ್ತು. ರೇಡಿಯೋವನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟು ಅದೇ ಚಾನೆಲ್ಲಿಗೆ ಹಾಕಿಟ್ಟಿದ್ದೆ. ರಾಲಿಯಲ್ಲಿ ಅದರಲ್ಲಿ ರಸ್ತೆ ಕೆಲಸದವರು ಬರುತ್ತಾರೆ, ಪಾರ್ಕಿನಲ್ಲಿ ಆಡುವ ಮಕ್ಕಳು ಬರುತ್ತಾರೆ, "ಕಾರಿಗೆ ಬನ್ನಿ" ಎಂದು ಕೂಗುವ ಅಮ್ಮಂದಿರು ಬರುತ್ತಾರೆ. ಸದ್ದಾದಾಗಲೆಲ್ಲ ಒಲೆಯ ಮೇಲೆ ಏನಿದ್ದರೂ ಬಿಟ್ಟು ಓಡುತ್ತಿದ್ದೆ. ಹೆಂಡತಿ ಒಂದು ದಿನವೂ ಅದನ್ನು ಆರಿಸು ಅನ್ನಲಿಲ್ಲ. ನಾವಿಬ್ಬರೂ ಆ ಮಧ್ಯಾಹ್ನದ ಬಗ್ಗೆ ಮಾತೂ ಆಡಲಿಲ್ಲ.

ಅಂಕಲ್‌ಗೆ ಹೇಳಿದೆ. "ರೂಲ್ ಗೊತ್ತಿತ್ತಲ್ಲಯ್ಯ ನಿಂಗೆ" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಹೊಸ ರೆಸಿಸ್ಟರ್ ತರಿಸಿ ವಾಪಸ್ ಕೂರಿಸಿಬಿಡ್ತೀನಿ ಅಂಕಲ್ ಎಂದೆ. "ಕೂರಿಸು. ಮುಂದಿನ ಸಲ ನೆಪಕ್ಕೆ ಆಗತ್ತೆ" ಎಂದು ಫೋನಿಟ್ಟರು. ಕೂರಿಸಲಿಲ್ಲ.

ಚಂಡಮಾರುತದ ನಂತರ ಬೆಟ್ಟದ ಕಡೆಯವರೆಲ್ಲ ರೇಡಿಯೋ ಲೈಸೆನ್ಸಿಗೆ ಮುಗಿಬಿದ್ದರು. ಪರೀಕ್ಷೆ ನಡೆಸಲು ಪ್ರತಿ ಸಲವೂ ಮೂವರು ಸ್ವಯಂಸೇವಕರು ಬೇಕು, ಮೂವರೂ ಸಹಿ ಹಾಕಬೇಕು. ನಾನು ಆ ಅರ್ಹತೆ ಪಡೆದುಕೊಂಡು ತಿಂಗಳಿಗೊಮ್ಮೆ ನಾಲ್ಕು ಗಂಟೆ ಡ್ರೈವ್ ಮಾಡಿ ಹೋಗತೊಡಗಿದೆ. ಸೇವೆ ಎಂದು ಎಲ್ಲರೂ ಹೊಗಳಿದರು. ಹೊಗಳಿಸಿಕೊಂಡೆ.

ಮುಂದಿನ ವಸಂತದ ಒಂದು ಶನಿವಾರ, ಅಗ್ನಿಶಾಮಕ ಠಾಣೆಯ ಹಾಲಿನಲ್ಲಿ ಹತ್ತು ಜನ ಪರೀಕ್ಷೆಗೆ ಕೂತಿದ್ದರು. ನಾನು ತಲೆ ತಗ್ಗಿಸಿ ಉತ್ತರ ಪತ್ರಿಕೆ ಜೋಡಿಸುತ್ತಿದ್ದೆ. ಹಿಂದಿನ ಸಾಲಿನಿಂದ ಯಾರೋ ಕೇಳಿದರು: "ಯಾರ ಹತ್ರ ಆದ್ರೂ ಪೆನ್ಸಿಲ್ ಇದೆಯಾ?"

ತಲೆ ಎತ್ತುವ ಮೊದಲೇ ಗೊತ್ತಾಯಿತು. ಎಪ್ಪತ್ತೈದು ದಾಟಿದ, ದೊಡ್ಡ ಕೈಗಳ, ಶುಭ್ರವಾಗಿ ಕ್ಷೌರ ಮಾಡಿಕೊಂಡ ಮುದುಕರು. ನಾನು ಅವರನ್ನು ಹೀಗೆ ಕಲ್ಪಿಸಿಕೊಂಡಿರಲಿಲ್ಲ. ಪೆನ್ಸಿಲ್ ಕೊಟ್ಟೆ. ಥ್ಯಾಂಕ್ಸ್ ಎಂದರು.

ಎಲ್ಲರಿಗಿಂತ ಕೊನೆಗೆ ಮುಗಿಸಿದರು. ಮೂವತ್ತೈದರಲ್ಲಿ ಮೂವತ್ತೊಂದು. ಸಹಿಗೆ ಕಾಯುತ್ತಾ, ನಮ್ಮಲ್ಲೊಬ್ಬರು ಯಾಕೆ ಈ ವಯಸ್ಸಿನಲ್ಲಿ ಎಂದು ಕೇಳಿದ್ದಕ್ಕೆ ಹೇಳತೊಡಗಿದರು. ಮೊಮ್ಮಕ್ಕಳ ಆಟಿಕೆ ರೇಡಿಯೋದಲ್ಲಿ ದಿನವಿಡೀ ಕೂಗಿದ್ದು, ಮಧ್ಯಾಹ್ನ ಯಾರೋ ಒತ್ತಿದ್ದು. ಅದೇ ಮಧ್ಯಾಹ್ನ ಮೇಲಿನ ಮನೆಯವನು ಟ್ರ್ಯಾಕ್ಟರ್ ತಂದು, ಕಾಡಿನ ದಾರಿಯಲ್ಲಿ ಹೇಗಾದರೂ ಇದೇ ಠಾಣೆಗೆ ಕರೆದುಕೊಂಡು ಹೋಗೋಣ, ಅಲ್ಲಿ ಜನರೇಟರ್ ಇದೆ ಎಂದಿದ್ದನಂತೆ. "ನಾನೇ ಬೇಡ ಅಂದೆ. ಯಾರಿಗೋ ನಮ್ಮ ಸುದ್ದಿ ಮುಟ್ಟಿದೆ, ಬರ್ತಾರೆ, ಇವಳನ್ನ ಅಲುಗಾಡಿಸೋದು ಬೇಡ ಅಂದೆ. ಬೆಳಗಿನ ಜಾವ ಹೋದಳು." ಪೆನ್ಸಿಲ್ಲನ್ನು ನನ್ನ ಮುಂದೆ ವಾಪಸ್ ಇಟ್ಟು ಹೇಳಿದರು: "ಒತ್ತಿದವನದ್ದು ತಪ್ಪಿಲ್ಲ. ಅವನಿಗೂ ಏನೋ ಆಗಿತ್ತು. ಮಾತಾಡಕ್ಕೆ ಆಗ್ಲಿಲ್ಲ, ಅಷ್ಟೇ. ಮರ ಬಿದ್ದಿತ್ತೋ, ನೀರಲ್ಲಿದ್ನೋ. ಇನ್ಮೇಲೆ ಯಾರಾದ್ರೂ ಒತ್ತಿದ್ರೆ ಎಲ್ಲಿದೀಯಪ್ಪ ಅಂತ ನಾನು ಹುಡುಕಬೇಕಲ್ಲ, ಅದಕ್ಕೆ ಬಂದೆ."

ಇನ್ನಿಬ್ಬರು ಸಹಿ ಹಾಕಿ ಕಾಗದ ನನ್ನ ಕಡೆ ತಳ್ಳಿದರು. ಸಹಿ ಹಾಕಿದೆ. ಅಕ್ಷರ ನನ್ನದಾಗಿರಲಿಲ್ಲ. ಅವರು ಕಾಗದವನ್ನು ಜೋಪಾನವಾಗಿ ಮಡಚಿ ಜೇಬಿಗಿಟ್ಟು ಹೊರಟರು. ನಾನು ಹಿಂದೆಯೇ ಹೋದೆ. ಟ್ರಕ್ಕಿನ ಬಾಗಿಲಿಗೆ ಕೈ ಹಾಕಿದ್ದರು.

"ಅವತ್ತು ಒತ್ತಿದ್ದು ನಾನು" ಎಂದೆ.

ಅವರು ತಿರುಗಿದರು. ಮುಖ ಅರಳಿತು. ಅದನ್ನು ನಾನು ಸಾಯುವ ತನಕ ಮರೆಯಲಾರೆ. ನನ್ನ ಎರಡೂ ತೋಳು ಹಿಡಿದುಕೊಂಡು ಕೇಳಿದರು: "ನೀನಾ? ಬದುಕಿದೀಯಾ? ಏನಾಗಿತ್ತು ನಿಂಗೆ?"

"ಏನೂ ಆಗಿರಲಿಲ್ಲ."

ಎಲ್ಲ ಹೇಳಿದೆ. ಮೇಲಿನ ಏಣಿನಲ್ಲಿ ಒಣಗಿದ ಬಟ್ಟೆಯಲ್ಲಿ ನಿಂತಿದ್ದೆ. ಬ್ಯಾಟರಿ ತುಂಬಿತ್ತು. ಊಟವಾಗಿತ್ತು. ರೇಡಿಯೋದಲ್ಲಿ ಕೇಳಿದ ಹೆಂಗಸಿಗೂ ಸುಳ್ಳು ಹೇಳಿದೆ. ಇಂಟರ್‌ವ್ಯೂ ಇತ್ತು, ಕಾಗದಪತ್ರಕ್ಕೆ ಹೆದರಿದೆ. ಹೇಳುತ್ತಾ ಹೋದಂತೆ ಅವರ ಕೈಗಳು ನನ್ನ ತೋಳಿನಿಂದ ಸಡಿಲವಾದವು.

"ಸಿಕ್ತಾ ಆ ಕಾಗದ?" ಎಂದರು.

"ಸಿಕ್ತು."

ತಲೆಯಾಡಿಸಿದರು. ಹೊಳೆಯ ಕಡೆ ನೋಡಿದರು. ಹೊಸ ಸೇತುವೆಯ ಕಂಬಗಳನ್ನು ನೆಡುತ್ತಿದ್ದರು, ಯಂತ್ರದ ಸದ್ದು ಬರುತ್ತಿತ್ತು. ಅವರು ಬೈಯಲಿ, ಹೊಡೆಯಲಿ ಎಂದು ನಾನು ಕಾದೆ.

"ಅವಳು ಹೋದ ದಿನದಿಂದ ಪ್ರತಿ ಬೆಳಿಗ್ಗೆ ನಿನಗೋಸ್ಕರ ಪ್ರಾರ್ಥನೆ ಮಾಡ್ತಾ ಇದೀನಿ" ಎಂದರು. "ಅವನ್ಯಾರೋ ಒಬ್ಬನೇ ಸಿಕ್ಕಿಹಾಕ್ಕೊಂಡಿದ್ದ, ಅವನನ್ನ ಕಾಪಾಡಪ್ಪ ಅಂತ. ಅವಳಿಗೋಸ್ಕರ ಕೇಳಿದ್ದು ಆಗ್ಲಿಲ್ಲ." ನನ್ನ ಇಸ್ತ್ರಿ ಮಾಡಿದ ಅಂಗಿಯನ್ನು, ಕೊರಳಲ್ಲಿದ್ದ ಪರೀಕ್ಷಕರ ಬ್ಯಾಡ್ಜನ್ನು, ಶೂಗಳನ್ನು ಒಂದೊಂದಾಗಿ ನೋಡಿದರು. "ನಿನಗೋಸ್ಕರ ಕೇಳಿದ್ದು ಆಗಿದೆ."

ಟ್ರಕ್ ಹತ್ತಿ, ಬಾಗಿಲು ಮೆಲ್ಲಗೆ ಹಾಕಿಕೊಂಡು ಹೊರಟುಹೋದರು.